ಫರಸಿ ಗಣಿಯ ಕಾಡುನೀಲಿ

ಸೇಡಂ
೧೪ ಅಕ್ಟೋಬರ್ ೧೯೫೧

ಪೂಜ್ಯ ಸಿರಾಜುದ್ದೀನ ಮಾಸ್ತರರಿಗೆ ನೀಲಾಬಾಯಿಯ ಶರಣು ಶರಣಾರ್ಥಿಗಳು.

ನಾವು ಇಲ್ಲಿ ಕ್ಷೇಮ. ಅಪ್ಪ ತೀರಿಕೊಂಡ ಮೇಲೆ ನಾನೂ ಅವ್ವನೂ ಚಿತ್ತಾಪುರ ಬಿಟ್ಟು ಸೇಡಂಗೆ ಬಂದದ್ದು ನಿಮಗೆ ಗೊತ್ತೇ ಇದೆ. ಇಲ್ಲಿನ ಹೆಣ್ಣುಮಕ್ಕಳ ಶಾಲೆಯಲ್ಲಿ ನನ್ನ ನೌಕರಿ ಸುಸೂತ್ರವಾಗಿ ನಡೆದಿದೆ. ಆದರೆ ಈ ಪತ್ರ ಬರೆದದ್ದು ಕ್ಷೇಮ ಸಮಾಚಾರಕ್ಕಲ್ಲ.

ಹೋದ ವಾರ ಅಂಬುಬಾಯಿ ಅಕ್ಕನ ಮಗುವಿನ ತೊಟ್ಟಿಲ ಕಾರ್ಯಕ್ಕೆಂದು ಶಹಾಬಾದಕ್ಕೆ ಹೋಗಿದ್ದೆ. ಊರ ಹೊರಗೆ, ವಾಡಿಯ ದಿಕ್ಕಿಗೆ, ನೆಲಕ್ಕೆ ಹಾಸುವ ಫರಸಿ ಕಲ್ಲಿನ ಒಂದು ಹಳೆಯ ಗಣಿ ಇದೆ. ಅಲ್ಲಿ ಕಲ್ಲು ತೆಗೆಯುವುದನ್ನು ಬಿಟ್ಟು ಎಷ್ಟೋ ವರ್ಷವಾಗಿದೆ. ಹಾಸುಗಲ್ಲುಗಳ ಸಂದಿಯಲ್ಲಿ ಒಂದು ಗಿಡ ನೆಲಕ್ಕೆ ಅಂಟಿಕೊಂಡು ಹಬ್ಬಿತ್ತು. ಎಲೆ ನೋಡಿದರೆ ನಮ್ಮ ಹೊಲದ ಬದುವಿನಲ್ಲಿ ಬೆಳೆಯುವ ಕಾಡುನೀಲಿಯೇ. ಆದರೆ ಹೂವು ಬೇರೆ. ಬೆಳಿಗ್ಗೆ ಬಿಳಿ ಇದ್ದದ್ದು ಸಂಜೆಗೆ ಇಟ್ಟಿಗೆಯ ಬಣ್ಣಕ್ಕೆ ತಿರುಗಿತು. ನಾನು ಅದನ್ನು ನೋಡಲೆಂದೇ ಒಂದು ದಿನ ಹೆಚ್ಚು ಉಳಿದೆ. ಅಕ್ಕ ಬೈದಳು.

ನೀವು ಚಿತ್ತಾಪುರದಲ್ಲಿದ್ದಾಗ ಅಪ್ಪನಿಗೂ ನನಗೂ ತೋರಿಸುತ್ತಿದ್ದ ಆ ದೊಡ್ಡ ಸಸ್ಯಗ್ರಂಥ ನಮ್ಮಲ್ಲೇ ಉಳಿದಿದೆ. ಪುಟಪುಟ ಹುಡುಕಿದೆ. ಇಂಥ ಗಿಡ ಅದರಲ್ಲಿಲ್ಲ. ಇದು ಹೊಸದು, ಮಾಸ್ತರರೇ. ನಾಲ್ಕು ಪುಟ ಬರೆದು ಇದರೊಂದಿಗೆ ಇಟ್ಟಿದ್ದೇನೆ. ಗಿಡವನ್ನೂ ಎಣ್ಣೆ ಕಾಗದದಲ್ಲಿ ಸುತ್ತಿ ಕಳಿಸಿದ್ದೇನೆ. ನೀವು ಇಂಗ್ಲಿಷಿಗೆ ತಿರುಗಿಸಿ ಯಾವುದಾದರೂ ಶಾಸ್ತ್ರದ ಪತ್ರಿಕೆಗೆ ಕೊಟ್ಟರೆ ದೀಪಾವಳಿಯ ಹೊತ್ತಿಗೆ ಅಚ್ಚಾಗಬಹುದೇ?

ಚಾಚಿಯವರಿಗೆ ನನ್ನ ನಮಸ್ಕಾರ.

ನಿಮ್ಮ ವಿದ್ಯಾರ್ಥಿನಿ
ನೀಲಾಬಾಯಿ

*

ಪುಣೆ
೯ ನವೆಂಬರ್ ೧೯೫೧

ಚಿರಂಜೀವಿ ನೀಲಾಬಾಯಿಗೆ ಸಿರಾಜುದ್ದೀನ ಮಾಸ್ತರನ ದುವಾ.

ದೀಪಾವಳಿ ಮುಗಿಯಿತು. ಅಚ್ಚಾಗಲಿಲ್ಲ. ಇನ್ನೆರಡು ದೀಪಾವಳಿ ಆಗುವುದೂ ಇಲ್ಲ. ಸಿಟ್ಟು ಮಾಡಿಕೊಳ್ಳದೆ ಮುಂದೆ ಓದು.

ನನ್ನ ಕನ್ನಡ ಅಕ್ಷರ ಕೆಟ್ಟದಾಗಿರುತ್ತದೆ ಎಂದು ನಿಮ್ಮ ತಂದೆ ಗುರುಲಿಂಗಯ್ಯನವರು ನಗುತ್ತಿದ್ದರು. ಕಲಿಸಿದವರು ಅವರೇ ಆದ್ದರಿಂದ ಅರ್ಧ ತಪ್ಪು ಅವರದು. ಉರ್ದು ಶಾಲೆಯ ಮಾಸ್ತರನಿಗೆ ಇಷ್ಟು ಬಂದದ್ದೇ ದೊಡ್ಡದು.

ನಿನ್ನ ನಾಲ್ಕು ಪುಟಗಳನ್ನು ಹಿಂದಕ್ಕೆ ಕಳಿಸಿದ್ದೇನೆ. ಅದರಲ್ಲಿ ಒಂದು ವಿಚಾರವಿದೆ, ಒಳ್ಳೆಯ ವಿಚಾರ. ಬರೀ ವಿಚಾರದಿಂದ ಪ್ರಬಂಧ ಆಗುವುದಿಲ್ಲ. ಇದು ಹೊಸದು ಎಂದು ನೀನು ಹೇಳಿದರೆ ಸಾಲದು. ಹಳೆಯದಲ್ಲ ಎಂದು ತೋರಿಸಬೇಕು. ನಾನೀಗ ನೌಕರಿ ಮಾಡುವ ಈ ಕಾಲೇಜಿನ ಸಂಗ್ರಹದಲ್ಲಿ ನೀಲಿ ಬಳಗದ ಒಣಗಿದ ಗಿಡಗಳು ಕಪಾಟುಗಟ್ಟಲೆ ಇವೆ. ಒಂದೊಂದರ ಪಕ್ಕದಲ್ಲೂ ನಿನ್ನ ಗಿಡವನ್ನಿಟ್ಟು ನೋಡಬೇಕು. ಅದಕ್ಕೆ ಗಿಡ ಬೇಕು. ಎಣ್ಣೆ ಕಾಗದದಲ್ಲಿ ನೀನು ಕಳಿಸಿದ್ದು ಬೂಷ್ಟು ಹಿಡಿದು ಬಂತು. ಹಸಿ ಗಿಡವನ್ನು ಒತ್ತಿ ಒಣಗಿಸಬೇಕೆಂದು ಚಿತ್ತಾಪುರದಲ್ಲಿ ಎಷ್ಟು ಸಲ ಹೇಳಿದ್ದೆ, ನೆನಪಿದೆಯೇ.

ಕಾಯಿ ಎಲ್ಲಿದೆ? ಬೇರು ಎಲ್ಲಿದೆ? ಒಂದೇ ಗಿಡವೋ, ನೂರಾರೋ? ಬೇರೆ ಊರಿನಲ್ಲಿ ಇದೆಯೇ? ಕೊನೆಗೆ ಇನ್ನೊಂದು ತಕರಾರು: ಹೊಸ ಗಿಡದ ವರ್ಣನೆ ಲ್ಯಾಟಿನ್ ಭಾಷೆಯಲ್ಲೂ ಇರಬೇಕೆಂಬುದು ಸಸ್ಯಶಾಸ್ತ್ರದ ಕಟ್ಟಳೆ. ನನಗೆ ಲ್ಯಾಟಿನ್ ಬಾರದು. ನಿನಗೂ ಬಾರದು. ಆ ಮಾತು ಆಮೇಲೆ.

ಮೊದಲು ಗಿಡ.

ಸಿರಾಜುದ್ದೀನ

*

ಸೇಡಂ
೩೦ ಜನವರಿ ೧೯೫೨

ಪೂಜ್ಯ ಮಾಸ್ತರರಿಗೆ ಶರಣು.

ತಡವಾಗಿ ಉತ್ತರಿಸುತ್ತಿದ್ದೇನೆ. ಮೊದಲು ಸಿಟ್ಟು ಬಂದಿತ್ತು, ಆಮೇಲೆ ಚುನಾವಣೆ ಬಂತು.

ನಿಮ್ಮ ಪತ್ರ ತಲುಪಿದ ವಾರವೇ ಶಹಾಬಾದಕ್ಕೆ ಹೋದೆ. ಗಿಡ ಒಣಗಿ ಹುಡಿಯಾಗಿತ್ತು. ಕಲ್ಲಿನ ಸಂದಿಯಲ್ಲಿ ಕಡ್ಡಿಗಳ ಹೊರತು ಏನೂ ಇಲ್ಲ. ಮುಂದಿನ ಮಳೆಯವರೆಗೆ ನಾನು ಮಾಡುವಂಥದ್ದು ಏನೂ ಉಳಿದಿಲ್ಲ.

ಚುನಾವಣೆಯಲ್ಲಿ ಹೆಂಗಸರ ಮತಗಟ್ಟೆಗೆ ಶಿಕ್ಷಕಿಯರು ಬೇಕೆಂದು ನನ್ನನ್ನು ಚಿಂಚೋಳಿಗೆ ಹಾಕಿದ್ದರು. ಮತ ಹಾಕಲು ಬಂದ ಮುದುಕಿಯೊಬ್ಬಳು ಪೆಟ್ಟಿಗೆಗೆ ಕುಂಕುಮ ಹಚ್ಚಿದಳು. ಕೆಲಸ ಮುಗಿದ ಮರುದಿನ ಅಲ್ಲಿನ ಗುಡ್ಡಗಳಲ್ಲಿ ಅಡ್ಡಾಡಿದೆ. ಅಲ್ಲಿ ಕೆಂಪು ಕಲ್ಲು. ಕಾಡುನೀಲಿಯ ಒಣ ಗಿಡಗಳು ಬೇಕಾದಷ್ಟಿವೆ, ನನ್ನ ಗಿಡದ ಒಂದು ಕಡ್ಡಿಯೂ ಇಲ್ಲ. ಅಷ್ಟು ದೂರ ನಡೆದದ್ದೆಲ್ಲ ವ್ಯರ್ಥವಾಯಿತು.

ನೀಲಾಬಾಯಿ

*

ಪುಣೆ
೧೮ ಫೆಬ್ರವರಿ ೧೯೫೨

ನೀಲಾಬಾಯಿಗೆ ದುವಾ.

ವ್ಯರ್ಥವಲ್ಲ. ಚಿಂಚೋಳಿಯ ಕೆಂಪು ಕಲ್ಲಿನಲ್ಲಿ ಹುಡುಕಿದೆ, ಸಿಗಲಿಲ್ಲ ಎಂಬುದು ಪ್ರಬಂಧದ ಒಂದು ವಾಕ್ಯ. ಅದನ್ನು ಬರೆಯಲು ಯಾರಾದರೂ ಅಲ್ಲಿ ನಡೆಯಲೇಬೇಕಿತ್ತು. ಆದರೆ ಗಿಡ ಒಣಗಿದ ಕಾಲದಲ್ಲಿ ಹುಡುಕಿದ್ದು ಅರ್ಧ ಹುಡುಕಿದಂತೆ. ಮಳೆಗಾಲದಲ್ಲಿ ಮತ್ತೊಮ್ಮೆ ನೋಡಬೇಕು.

ಒತ್ತು ಕಾಗದವನ್ನೂ ಒಂದು ಭೂತಗನ್ನಡಿಯನ್ನೂ ಪಾರ್ಸಲ್ ಮಾಡಿದ್ದೇನೆ. ಗಾಜು ನನ್ನದೇ, ಹಳೆಯದು. ನಾನೀಗ ಅದನ್ನು ಹೆಚ್ಚು ಬಳಸುತ್ತಿಲ್ಲ. ಹೂವನ್ನು ಬಿಡಿಸಿ ಚಿತ್ರ ಬರೆ. ದೊಡ್ಡದಾಗಿ ಬರೆ.

ಸಿರಾಜುದ್ದೀನ

*

ಶಹಾಬಾದ
೨೧ ಸೆಪ್ಟೆಂಬರ್ ೧೯೫೨

ಪೂಜ್ಯ ಮಾಸ್ತರರಿಗೆ ಶರಣು ಶರಣಾರ್ಥಿಗಳು.

ಗಿಡ ಬಂದಿದೆ. ಹೋದ ವರ್ಷಕ್ಕಿಂತ ಹೆಚ್ಚಿದೆ, ಗಣಿಯ ಪೂರ್ವದ ಅಂಚಿನುದ್ದಕ್ಕೂ ಹಬ್ಬಿದೆ. ಕಾಯಿಯೂ ಆಗಿದೆ. ಕಾಡುನೀಲಿಯ ಕಾಯಿ ನೆಟ್ಟಗೆ ಸೂಜಿಯಂತಿರುತ್ತದಲ್ಲ, ಇದರದು ಚೇಳಿನ ಕೊಂಡಿಯಂತೆ ಸುರುಳಿ ಸುತ್ತಿಕೊಂಡಿದೆ. ನಿಮ್ಮ ಗಾಜಿನಿಂದ ನೋಡಿದಾಗ ಎಲೆಯ ಅಡಿಯಲ್ಲಿ ಬೆಳ್ಳಿಯಂಥ ರೋಮ ಕಂಡವು.

ಆದರೆ ಗಣಿ ಮತ್ತೆ ಸುರುವಾಗಿದೆ. ಹೊಸ ಮಾಲೀಕ ಗುತ್ತಿಗೆ ಹಿಡಿದಿದ್ದಾನೆ. ನಾನು ಮೊಣಕಾಲೂರಿ ಕುಳಿತಿದ್ದಾಗ ಕಲ್ಲು ಒಡೆಯುವವರ ಮೇಸ್ತ್ರಿ ಖಂಡೆಪ್ಪ ಎಂಬವನು ಬಂದು ನಿಂತ.

“ಬಾಯಾರ, ಏನ್ ಹುಡಕಾಕತ್ತೀರಿ? ಏನರ ಕಳಕೊಂಡೀರೇನು?”

“ಕಳಕೊಂಡಿಲ್ರಿ, ಸಿಕ್ಕದ. ಈ ಗಿಡಾ ನೋಡಾಕ ಬಂದೀನಿ.”

“ಇದನ್ನ ಆಡೂ ಮುಟ್ಟಂಗಿಲ್ಲರಿ. ಏನ್ ಔಷಧ ಆಗ್ತದೇನು?”

“ಗೊತ್ತಿಲ್ರಿ. ಇದಕ್ಕ ಇನ್ನೂ ಹೆಸರೇ ಇಲ್ಲ.”

ಅವನು ಸುತ್ತಿಗೆಯನ್ನು ಕೆಳಗಿಟ್ಟು ಬಗ್ಗಿ ನೋಡಿದ. “ಹೆಸರಿಲ್ಲದ್ದು ಅಂದ್ರ ಭಾಳ ಕಠಿಣ ಆತು. ಮಾಲಕ ಈ ಅಂಚಿಂದೇ ಕಲ್ಲು ಎಬ್ಬಸ್ರಿ ಅಂದಾನ್ರಿ. ನಾ ಆ ಕಡಿಂದ ಸುರು ಮಾಡ್ತೀನಿ. ಎಷ್ಟು ದಿನ ತಡೀತದೋ ನೋಡಮು.”

ಬೇರು, ಹೂವು, ಕಾಯಿ ಸಹಿತ ಗಿಡಗಳನ್ನು ಒತ್ತಿ ಒಣಗಿಸಿ ಕಳಿಸುತ್ತಿದ್ದೇನೆ. ಚಿತ್ರಗಳೂ ಇವೆ. ಈ ಸಲ ಯಾವ ಕೊರತೆಯೂ ಇಲ್ಲವೆಂದು ನಂಬಿದ್ದೇನೆ.

ನೀಲಾಬಾಯಿ

*

ಪುಣೆ
೧೨ ಅಕ್ಟೋಬರ್ ೧೯೫೨

ನೀಲಾಬಾಯಿಗೆ,

ಗಿಡಗಳು ಚೆನ್ನಾಗಿ ಬಂದಿವೆ. ಚಿತ್ರಗಳು ಸಾಲವು. ಮೂರು ಪಟ್ಟು ದೊಡ್ಡದಾಗಿ ಬರೆ. ಗೆರೆ ದಪ್ಪ ಇರಲಿ, ಕಪ್ಪು ಮಸಿಯಲ್ಲಿ. ರೋಮ ಯಾವ ದಿಕ್ಕಿಗೆ ಮಲಗಿವೆ ಎಂಬುದನ್ನು ಶಬ್ದಗಳಲ್ಲಿ ಬರೆ. ಹೂವಿನ ಪ್ರತಿಯೊಂದು ಎಸಳನ್ನೂ ಶಬ್ದಗಳಲ್ಲಿ ಬರೆ. ಮತ್ತೊಮ್ಮೆ ನೋಡಿ ಬರೆ.

ಸಿರಾಜುದ್ದೀನ

*

ಸೇಡಂ
೨೩ ನವೆಂಬರ್ ೧೯೫೨

ಮಾಸ್ತರರಿಗೆ ಶರಣು.

ನೀವು ಕೇಳಿದಂತೆ ಚಿತ್ರಗಳನ್ನು ಮತ್ತೆ ಬರೆದೆ. ಅದನ್ನೂ ಸಾಲದು ಎಂದಿರಿ. ಮೂರನೆಯ ಸಲ ಬರೆದೆ. ಈಗ ಬಂದಿರುವ ಕಾರ್ಡಿನಲ್ಲಿ ‘ಇನ್ನೂ ದೊಡ್ಡದು’ ಎಂಬ ಎರಡು ಶಬ್ದಗಳ ಹೊರತು ಏನೂ ಇಲ್ಲ. ಕ್ಷೇಮವನ್ನೂ ಕೇಳಿಲ್ಲ. ನನ್ನ ಕಣ್ಣಿನ ಮೇಲೆ ನಿಮಗೆ ನಂಬಿಕೆ ಇಲ್ಲದಿದ್ದರೆ ನೇರವಾಗಿ ಹೇಳಬಹುದಿತ್ತು. ನಾನು ಕಾಲೇಜು ಓದಿದವಳಲ್ಲ ಎಂಬುದು ನನಗೂ ಗೊತ್ತು.

ಇನ್ನೊಂದು ಸಂಗತಿ. ಹೈದರಾಬಾದಿನ ಒಂದು ಕಾಲೇಜಿನ ಪ್ರೊಫೆಸರರು ಪರೀಕ್ಷೆಯ ಕೆಲಸಕ್ಕೆ ಸೇಡಂಗೆ ಬಂದಿದ್ದರು. ಶಾಲೆಯಲ್ಲಿ ನನ್ನ ಒಣ ಗಿಡಗಳನ್ನು ನೋಡಿದರು. ಕೂಡಲೇ, ಇದು ಅಪರೂಪದ್ದು ಎಂದರು. ಎಲ್ಲವನ್ನೂ ಅವರಿಗೆ ಒಪ್ಪಿಸಿದರೆ ಅವರ ಹೆಸರಿನಲ್ಲಿ ಬೇಗ ಅಚ್ಚಾಗುತ್ತದಂತೆ. ಕೊನೆಯಲ್ಲಿ ‘ಗಿಡ ತಂದುಕೊಟ್ಟವರು ಸೇಡಮಿನ ಒಬ್ಬ ಶಿಕ್ಷಕಿ’ ಎಂದು ಬರೆಯುತ್ತಾರಂತೆ. ಒಳ್ಳೆಯ ಮಾತಾಡಿದರು. ಕೊಟ್ಟುಬಿಡಬೇಕೆಂದು ಮನಸ್ಸು ಮಾಡಿದ್ದೇನೆ. ಗಿಡಕ್ಕೊಂದು ಹೆಸರು ಬಂದರೆ ಸಾಕಲ್ಲವೇ.

ನೀಲಾಬಾಯಿ

*

ಪುಣೆ
೮ ಡಿಸೆಂಬರ್ ೧೯೫೨

ಚಿರಂಜೀವಿ ನೀಲಾಬಾಯಿಗೆ ಸಿರಾಜುದ್ದೀನ ಮಾಸ್ತರನ ದುವಾ.

ಅಕ್ಷರ ಚೆಂದ ಇರುವುದು ನೋಡಿ ಆಶ್ಚರ್ಯಪಡಬೇಡ. ನಾನು ಹೇಳುತ್ತಿದ್ದೇನೆ, ನೆರೆಮನೆಯ ಸುಂದರಬಾಯಿಯವರು ಬರೆಯುತ್ತಿದ್ದಾರೆ. ಅವರು ಬೆಳಗಾವಿಯವರು.

ನನ್ನ ಎರಡೂ ಕಣ್ಣಿಗೆ ಪೊರೆ ಬಂದಿದೆ. ಒಂದು ವರ್ಷದಿಂದ ಬೆಳೆಯುತ್ತ ಬಂತು. ನಿನಗೆ ಹೇಳಲಿಲ್ಲ, ಯಾಕೆಂದರೆ ಹೇಳಿದ್ದರೆ ನೀನು ನನಗೆ ತೊಂದರೆಯಾಗುತ್ತದೆಂದು ಕೆಲಸ ನಿಲ್ಲಿಸುತ್ತಿದ್ದೆ. ನಿನ್ನ ಕಣ್ಣನ್ನು ನಾನು ಯಾವತ್ತೂ ಅನುಮಾನಿಸಿಲ್ಲ. ಈ ಕೆಲಸಕ್ಕೆ ನನಗಿರುವ ಕಣ್ಣು ಅದೊಂದೇ. ದೊಡ್ಡದಾಗಿ ಬರೆ ಎಂದದ್ದು ಅದಕ್ಕೆ. ಶಬ್ದಗಳಲ್ಲಿ ಬರೆ ಎಂದದ್ದೂ ಅದಕ್ಕೆ. ಶಬ್ದವನ್ನಾದರೆ ಬೇರೆಯವರು ಓದಿ ಹೇಳಬಹುದು.

ಪ್ರೊಫೆಸರರಿಗೆ ಕೊಡುವುದು ಬಿಡುವುದು ನಿನ್ನ ಮರ್ಜಿ. ನನಗೆ ಬೇಸರವಿಲ್ಲ. ಆದರೆ ಅವರು ಆ ಗಣಿಗೆ ಬಂದು ಮೊಣಕಾಲೂರಿ ನೋಡಿದ್ದಾರೆಯೇ? ಬೆಳಗಿನ ಹೂವು ಸಂಜೆಗೆ ಬಣ್ಣ ತಿರುಗುವುದನ್ನು ಕಾದಿದ್ದಾರೆಯೇ? ಪ್ರಬಂಧಕ್ಕೆ ಹೆಸರು ಹಾಕುವುದೆಂದರೆ ಜಾಮೀನು ನಿಂತಂತೆ. ನಾಳೆ ಯಾರಾದರೂ ‘ಇದು ಸುಳ್ಳು’ ಎಂದರೆ ಎದ್ದು ನಿಂತು ಉತ್ತರ ಕೊಡುವವರ ಹೆಸರು ಅಲ್ಲಿರಬೇಕು. ಅಂಥವರು ನನಗೆ ಗೊತ್ತಿರುವ ಮಟ್ಟಿಗೆ ಒಬ್ಬರೇ ಇದ್ದಾರೆ.

ಸಿರಾಜುದ್ದೀನ

ತಾ.ಕ. ಮಾಸ್ತರರು ಹೇಳಿದ್ದು ಇಲ್ಲಿಗೆ ಮುಗಿಯಿತು. ಇನ್ನು ನಾನು ಬರೆಯುವುದು ಅವರಿಗೆ ಗೊತ್ತಿಲ್ಲ. ನಿಮ್ಮ ಚಿತ್ರಗಳನ್ನು ಕಿಟಕಿಯ ಗಾಜಿಗೆ ಒತ್ತಿ ಹಿಡಿದು ಮೂಗು ತಾಗಿಸಿ ನೋಡುತ್ತಾರೆ. ಮೆಟ್ಟಿಲು ಕಾಣದೆ ಹೋದ ತಿಂಗಳು ಬಿದ್ದರು. ಮಿರಜಿಗೆ ಹೋಗಿ ಆಪರೇಶನ್ ಮಾಡಿಸಿಕೊಳ್ಳಿರೆಂದು ಡಾಕ್ಟರರು ಹೇಳಿ ಬಹಳ ದಿನವಾಯಿತು. ‘ಹುಡುಗಿಯ ಪ್ರಬಂಧ ಮುಗಿಯಲಿ’ ಎನ್ನುತ್ತಾರೆ. ನೀವು ಹೇಳಿದರೆ ಕೇಳಿಯಾರು.
ಸುಂದರಬಾಯಿ

*

ವಾಡಿ
೧೫ ಫೆಬ್ರವರಿ ೧೯೫೩

ಪೂಜ್ಯ ಮಾಸ್ತರರಿಗೆ ನೀಲಾಬಾಯಿಯ ಶರಣು ಶರಣಾರ್ಥಿಗಳು.

ಪ್ರೊಫೆಸರರಿಗೆ ಇಲ್ಲವೆಂದು ಬರೆದಿದ್ದೇನೆ.

ಈ ಪತ್ರವನ್ನು ವಾಡಿ ಸ್ಟೇಷನ್ನಿನ ಬೆಂಚಿನ ಮೇಲೆ ಕುಳಿತು ಬರೆಯುತ್ತಿದ್ದೇನೆ. ನಮಗೆ ಲ್ಯಾಟಿನ್ ಸಿಕ್ಕಿತು. ಇಲ್ಲಿನ ರೈಲ್ವೆ ಕಾಲೊನಿಯ ಕ್ರೈಸ್ತರಿಗಾಗಿ ತಿಂಗಳಿಗೊಮ್ಮೆ ಒಬ್ಬ ಪಾದ್ರಿಗಳು ಬರುತ್ತಾರೆ. ಮಂಗಳೂರಿನ ಕಡೆಯವರು, ಕನ್ನಡ ಬಲ್ಲರು. ಅವರ ಪ್ರಾರ್ಥನೆಯೆಲ್ಲ ಲ್ಯಾಟಿನ್‌ನಲ್ಲಿ ಎಂದು ಕೇಳಿ, ಅವ್ವನನ್ನು ಜೊತೆಗೆ ಕರೆದುಕೊಂಡು ಬಂದೆ. ಅವ್ವ ದಾರಿಯುದ್ದಕ್ಕೂ ಕೇಳಿದಳು: “ಗಿಡಕ್ಕ ಹೆಸರಿಡಾಕ ಪಾದ್ರಿ ಯಾಕ ಬೇಕು? ನಮ್ಮ ಅಯ್ಯನವರು ಇಡಂಗಿಲ್ಲೇನು?”

ಪಾದ್ರಿಗಳು ನನ್ನ ವರ್ಣನೆಯನ್ನು ಓದಿ ಕನ್ನಡಕ ತೆಗೆದರು. “ತಂಗೀ, ನನಗೆ ತಿಳಿದಿರುವುದು ಪಾಪ, ಪುಣ್ಯ, ಸ್ವರ್ಗ, ನರಕಗಳ ಲ್ಯಾಟಿನ್. ರೋಮ ಕೆಳಮುಖವಾಗಿ ಮಲಗಿರುವುದಕ್ಕೆ ನಾನು ಎಲ್ಲಿಂದ ಶಬ್ದ ತರಲಿ?”

“ನಿಮ್ಮ ಪ್ರಾರ್ಥನ್ಯಾಗ ಯಾರೂ ಮಲಗಂಗಿಲ್ಲೇನ್ರಿ?” ಎಂದು ಅವ್ವ ಕೇಳಿದಳು.

ಅವರು ನಕ್ಕುಬಿಟ್ಟರು. ಆಮೇಲೆ ತಮ್ಮ ಹಳೆಯ ನಿಘಂಟು ತೆಗೆದರು. ನೀವು ಕಳಿಸಿದ್ದ ಮಾದರಿ ವರ್ಣನೆಗಳ ಶಬ್ದಗಳನ್ನು ಒಂದೊಂದಾಗಿ ಹೊಂದಿಸುತ್ತ ಸಂಜೆಯಾಯಿತು. ಹೆಸರು ಏನಿಡಬೇಕೆಂದು ಕೇಳಿದರು. ಕಲ್ಲನ್ನು ಮನೆ ಮಾಡಿಕೊಂಡದ್ದು ಎಂಬ ಅರ್ಥದ ಶಬ್ದ ಇದೆಯೇ ಎಂದೆ. ಇತ್ತು. ಅವರು ಅದನ್ನು ಜೋರಾಗಿ ಉಚ್ಚರಿಸಿದರು. ಕೇಳಲು ಚೆಂದವಿದೆ.

ಲ್ಯಾಟಿನ್ ಪುಟ ಸಿದ್ಧವಾಗಿದೆ. ಆದರೆ ನಿಮಗೆ ಕಳಿಸುವುದಿಲ್ಲ. ನೀವು ಮಿರಜಿಗೆ ಹೋಗಿ ಬಂದ ಮೇಲೆ, ನಿಮ್ಮ ಸ್ವಂತ ಕೆಟ್ಟ ಅಕ್ಷರದ ಪತ್ರ ನನ್ನ ಕೈ ಸೇರಿದ ದಿನ ಅಂಚೆಗೆ ಹಾಕುತ್ತೇನೆ. ನನಗೆ ಇದನ್ನೆಲ್ಲ ಯಾರು ಹೇಳಿದರೆಂದು ಕೇಳಬಾರದು. ಸುಂದರಬಾಯಿಯವರೇ, ಈ ಸಾಲನ್ನು ದಯಮಾಡಿ ಎರಡು ಸಲ ಓದಿ ಹೇಳಿರಿ.

ನೀಲಾಬಾಯಿ

*

ಪುಣೆ
೨ ಜುಲೈ ೧೯೫೩

ಚಿರಂಜೀವಿ ನೀಲಾಬಾಯಿಗೆ ದುವಾ.

ಏಪ್ರಿಲ್‌ನಲ್ಲಿ ನಾನು ಬರೆದ ಪತ್ರಕ್ಕೆ ಪ್ರತಿಯಾಗಿ ನಿನ್ನ ಲ್ಯಾಟಿನ್ ಬಂದಿತ್ತು. ಬಲಗಣ್ಣು ಈಗ ಚೆನ್ನಾಗಿದೆ. ಕನ್ನಡಕ ನಿಮ್ಮ ಶಹಾಬಾದಿ ಕಲ್ಲಿನಷ್ಟು ದಪ್ಪ. ಅದನ್ನು ಹಾಕಿಕೊಂಡು ನಾನು ಮೊದಲು ನೋಡಿದ್ದು ನಿಮ್ಮ ಚಾಚಿಯ ಮುಖ, ಎರಡನೆಯದು ನಿನ್ನ ಗಿಡದ ರೋಮ. ನೀನು ಬರೆದಂತೆಯೇ ಇವೆ, ಒಂದೂ ದಿಕ್ಕು ತಪ್ಪಿಲ್ಲ. ಕಪಾಟಿನ ನೀಲಿ ಬಳಗವನ್ನೆಲ್ಲ ಕೆಳಗಿಳಿಸಿ ಪಕ್ಕದಲ್ಲಿಟ್ಟು ನೋಡಿದೆ. ಯಾವುದೂ ಅಲ್ಲ.

ಇಂಗ್ಲಿಷ್ ಮಾಡಿ, ಟೈಪ್ ಮಾಡಿಸಿ, ನಿನ್ನ ಹೆಸರಿನಲ್ಲಿ ಕಳಿಸಿದೆ. ನಿನ್ನೆ ಸಂಪಾದಕರ ಉತ್ತರ ಬಂತು. ಅವರು ಪ್ರಬಂಧವನ್ನು ಒಬ್ಬ ತಜ್ಞರಿಗೆ ತೋರಿಸಿದ್ದಾರೆ. ತಜ್ಞರ ತಕರಾರು ಹೀಗಿದೆ: ಇದು ಸಾಮಾನ್ಯ ಕಾಡುನೀಲಿಯೇ ಇರಬಹುದು, ಮಣ್ಣಿಲ್ಲದ ಕಲ್ಲಿನಲ್ಲಿ ಬೆಳೆದು ಕುಗ್ಗಿ, ಕಾಯಿ ತಿರುಚಿಕೊಂಡಿರಬಹುದು.

ಮೊದಲು ನನಗೆ ಕೋಪ ಬಂತು. ಆಮೇಲೆ ಯೋಚಿಸಿದೆ. ಈ ಪ್ರಶ್ನೆಯನ್ನು ಅವರಿಗಿಂತ ಮೊದಲು ನಾವೇ ಕೇಳಿಕೊಳ್ಳಬೇಕಿತ್ತು. ನಿನ್ನ ಬಳಿ ಬೀಜವಿದೆ. ಮಳೆ ಬಂದಿದೆ. ಎರಡೂ ಗಿಡಗಳನ್ನು ಒಂದೇ ಕಡೆ, ಬೇರೆ ಬೇರೆ ಮಣ್ಣಿನಲ್ಲಿ ಬೆಳೆಸಿ ನೋಡು. ಉತ್ತರ ಏನೇ ಬರಲಿ.

ಸಿರಾಜುದ್ದೀನ

*

ಚಿಂಚೋಳಿ
೧ ನವೆಂಬರ್ ೧೯೫೩

ಪೂಜ್ಯ ಮಾಸ್ತರರಿಗೆ ಶರಣು ಶರಣಾರ್ಥಿಗಳು.

ಮೇಲೆ ಊರಿನ ಹೆಸರು ನೋಡಿ ನೀವು ಕೇಳುವ ಮೊದಲೇ ಹೇಳುತ್ತೇನೆ. ಜೂನ್‌ನಲ್ಲಿ ನನಗೆ ವರ್ಗವಾಯಿತು. ಶಿಕ್ಷಕಿಯಾದವಳು ಗಣಿಯಲ್ಲಿ ಕಲ್ಲು ಒಡೆಯುವವರ ನಡುವೆ ಅಡ್ಡಾಡುತ್ತಾಳೆಂದು ಯಾರೋ ಅರ್ಜಿ ಹಾಕಿದ್ದರು. ನಿಮಗೆ ತಿಳಿಸಿದ್ದರೆ ಕೆಲಸ ನಿಲ್ಲಿಸು ಎನ್ನುತ್ತಿದ್ದಿರಿ. ನಿಮ್ಮ ಕಣ್ಣಿನ ವಿಷಯದಲ್ಲಿ ನೀವು ಮಾಡಿದ್ದನ್ನೇ ನಾನೂ ಮಾಡಿದೆ; ಆದ್ದರಿಂದ ಬೈಯುವ ಹಕ್ಕು ನಿಮಗಿಲ್ಲ.

ಒಳ್ಳೆಯದೇ ಆಯಿತು. ಮಳೆಗಾಲದಲ್ಲಿ ಚಿಂಚೋಳಿಯ ಗುಡ್ಡಗಳನ್ನು ಪೂರ್ತಿ ಹುಡುಕಿದೆ, ನಮ್ಮ ಗಿಡ ಇಲ್ಲವೇ ಇಲ್ಲ. ಶಾಲೆಯ ಹಿತ್ತಲಲ್ಲಿ ಕುಂಡಗಳ ಮೂರು ಸಾಲು ಮಾಡಿದೆ: ಒಂದರಲ್ಲಿ ಕೆಂಪು ಮಣ್ಣು, ಒಂದರಲ್ಲಿ ಎರೆ ಮಣ್ಣು, ಒಂದರಲ್ಲಿ ಶಹಾಬಾದದ ಕಲ್ಲಿನ ಪುಡಿ. ಪ್ರತಿ ಸಾಲಿನಲ್ಲೂ ಕಾಡುನೀಲಿ ಮತ್ತು ನಮ್ಮ ಗಿಡ ಅಕ್ಕಪಕ್ಕ.

ಕೆಂಪು ಮಣ್ಣಿನಲ್ಲಿ ನಮ್ಮ ಗಿಡ ಸೊಕ್ಕಿ ಬೆಳೆಯಿತು. ಆದರೂ ಹೂವು ಸಂಜೆಗೆ ಇಟ್ಟಿಗೆಯ ಬಣ್ಣಕ್ಕೇ ತಿರುಗಿತು, ಕಾಯಿ ಸುರುಳಿಯೇ ಸುತ್ತಿತು. ಕಲ್ಲಿನ ಪುಡಿಯಲ್ಲಿ ಕಾಡುನೀಲಿ ಗಿಡ್ಡವಾಯಿತು, ಆದರೆ ಅದರ ಕಾಯಿ ಸೂಜಿಯಂತೆ ನೆಟ್ಟಗೇ ಉಳಿಯಿತು.

ನನ್ನ ಮೇಲೆ ಬಂದಿದ್ದ ಅರ್ಜಿಯ ವಿಚಾರಣೆಗೆಂದು ಶಾಲೆಗಳ ಇನ್‌ಸ್ಪೆಕ್ಟರರು ಬಂದಿದ್ದರು. ಕುಂಡಗಳನ್ನು ನೋಡಿ, ಇದೇನೆಂದು ನನ್ನನ್ನು ಕೇಳದೆ ಹುಡುಗಿಯರನ್ನು ಕೇಳಿದರು. ನಾಲ್ಕನೆಯ ಇಯತ್ತೆಯ ಸಾಬಮ್ಮ ಎದ್ದು ನಿಂತು ಹೇಳಿದಳು: “ಮಣ್ಣು ಬದಲಾದ್ರ ಗಿಡಾ ಬದಲಾಗ್ತದೋ ಇಲ್ಲೋ ನೋಡಾಕತ್ತೀವ್ರಿ.”

“ಬದಲಾತೇನು?”

“ಇಲ್ರಿ. ಗಿಡ್ಡ ಆಗ್ತದ, ಉದ್ದ ಆಗ್ತದ. ಜಾತಿ ಬದಲಾಗಂಗಿಲ್ಲ.”

ಇನ್‌ಸ್ಪೆಕ್ಟರರು ಬಗ್ಗಿ ಎರಡೂ ಗಿಡಗಳ ಕಾಯಿ ಮುಟ್ಟಿ ನೋಡಿದರು. ಅರ್ಜಿಯ ಮಾತು ಎತ್ತಲೇ ಇಲ್ಲ. ಹೋಗುವಾಗ, ಎಲ್ಲ ಶಾಲೆಗಳಲ್ಲೂ ಹೀಗೆ ಒಂದು ಹಿತ್ತಲು ಇರಬೇಕು ಎಂದರು.

ಇದನ್ನೆಲ್ಲ ಬರೆದು ಕಳಿಸಿದ್ದೇನೆ. ಎರೆ ಮಣ್ಣಿನ ಸಾಲಿನಲ್ಲಿ ನಮ್ಮ ಗಿಡಗಳೆಲ್ಲ ಕೊಳೆತುಹೋದವು. ತಜ್ಞರಿಗೆ ಮತ್ತೊಂದು ತಕರಾರು ಸಿಗಬಾರದೆಂದು ಆ ಸಾಲಿನ ಮಾತನ್ನು ಪ್ರಬಂಧದಲ್ಲಿ ಬಿಟ್ಟಿದ್ದೇನೆ. ಮೇಲೆ ನಿಮ್ಮ ಹೆಸರನ್ನೂ ಸೇರಿಸಿದ್ದೇನೆ. ತೆಗೆದರೆ ನಾನು ಸಹಿ ಮಾಡುವುದಿಲ್ಲ.

ನೀಲಾಬಾಯಿ

*

ಪುಣೆ
೧೬ ನವೆಂಬರ್ ೧೯೫೩

ನೀಲಾಬಾಯಿಗೆ ದುವಾ.

ಕೊಳೆತದ್ದನ್ನೂ ಬರೆ. ಬರೆಯದಿದ್ದರೆ ನನ್ನ ಹೆಸರು ತೆಗೆಯುತ್ತೇನೆ. ನೀನು ಮೊದಲು ಹಾಕಿ ಆಮೇಲೆ ನನಗೆ ಹೇಳಿದ್ದೀಯಲ್ಲ, ನಾನೂ ಹಾಗೆಯೇ ಮಾಡುತ್ತೇನೆ.

ಎರೆ ಮಣ್ಣು ನೀರು ಹಿಡಿದಿಟ್ಟುಕೊಳ್ಳುತ್ತದೆ. ನಿನ್ನ ಗಿಡದ ಬೇರು ಅದನ್ನು ತಡೆಯದು. ನೂರು ಹರದಾರಿ ಎರೆ ನೆಲದ ನಡುವೆ ಅದು ಕಲ್ಲಿನ ಸಂದಿಯನ್ನೇ ಯಾಕೆ ಹಿಡಿದು ಕುಳಿತಿದೆ ಎಂಬುದಕ್ಕೆ ಅದೇ ಕಾರಣ ಇದ್ದೀತು. ನೀನು ಬಿಟ್ಟ ಸಾಲಿನಲ್ಲಿಯೇ ಆ ಗಿಡದ ಜೀವನಚರಿತ್ರೆ ಇದೆ, ಮಗಳೇ.

ಸಿರಾಜುದ್ದೀನ

*

ಚಿಂಚೋಳಿ
೨೨ ಆಗಸ್ಟ್ ೧೯೫೪

ಪೂಜ್ಯ ಮಾಸ್ತರರಿಗೆ ಶರಣು ಶರಣಾರ್ಥಿಗಳು.

ಅಚ್ಚಾದ ಪತ್ರಿಕೆ ಬಂತು. ಪೋಸ್ಟಮನ್ ಕೈಗೆ ಕೊಟ್ಟಾಗ ಪಾಠ ನಡೆದಿತ್ತು. ಪಾಠ ಮುಗಿಯುವವರೆಗೆ ಮೇಜಿನ ಮೇಲೆ ಇಟ್ಟಿದ್ದೆ. ಏನು ಪಾಠ ಮಾಡಿದೆನೋ ನೆನಪಿಲ್ಲ.

ನಿಮ್ಮ ಹೆಸರಿನ ಪಕ್ಕದಲ್ಲಿ ನನ್ನ ಹೆಸರು. ತಜ್ಞರು ಎರೆ ಮಣ್ಣಿನ ಸಾಲನ್ನು ಓದಿದ ಮೇಲೆಯೇ ಒಪ್ಪಿದರೆಂದು ಸಂಪಾದಕರು ಬರೆದದ್ದನ್ನು ನೀವು ತಿಳಿಸಿದ್ದಿರಿ. ಆ ಸಾಲನ್ನು ಅಚ್ಚಿನಲ್ಲಿ ಮತ್ತೆ ಮತ್ತೆ ಓದಿದೆ. ರಜೆಯಲ್ಲಿ ಸೇಡಂಗೆ ಹೋದಾಗ ಅವ್ವ ಪತ್ರಿಕೆಗೆ ವಿಭೂತಿ ಹಚ್ಚಲು ಬಂದಳು, ತಡೆದೆ. ಓದಿ ಹೇಳು ಎಂದಳು. ಓದಿದೆ. ಅವಳಿಗೆ ಇಂಗ್ಲಿಷ್ ಬಾರದು, ಆದರೂ ಕೊನೆಯವರೆಗೂ ಕೈ ಕಟ್ಟಿ ಕುಳಿತು ಕೇಳಿದಳು. “ಶಹಾಬಾದ ಅಂತ ಬಂತು, ವಾಡಿ ಅಂತ ಬಂತು, ಚಿಂಚೋಳಿ ಬಂತು. ಸೇಡಂ ಯಾಕ ಬರಲಿಲ್ಲ?” ಎಂದು ಕೇಳಿದಳು. ವಾಡಿಯ ಪಾದ್ರಿಗಳು ತಮ್ಮ ಲ್ಯಾಟಿನ್ ಅಚ್ಚಾದದ್ದನ್ನು ನೋಡಿ, ಇಷ್ಟು ವರ್ಷದ ಪ್ರಾರ್ಥನೆಯಲ್ಲಿ ತಮ್ಮ ವ್ಯಾಕರಣವನ್ನು ಯಾರೂ ತಿದ್ದಿರಲಿಲ್ಲ, ಸಂಪಾದಕರು ಎರಡು ಕಡೆ ತಿದ್ದಿದ್ದಾರೆ ಎಂದು ಸಂತೋಷಪಟ್ಟರು.

ಖಂಡೆಪ್ಪನಿಗೂ ತೋರಿಸಬೇಕೆಂದು ಗಣಿಗೆ ಹೋದೆ. ಅಲ್ಲಿ ಪೂರ್ವದ ಅಂಚೇ ಇರಲಿಲ್ಲ. ಗಿಡ ಇದ್ದ ಜಾಗದಲ್ಲಿ ನೀರು ನಿಂತಿತ್ತು.

“ನನ್ನ ಬ್ಯಾರೆ ಕಡೆ ಕೆಲಸಕ್ಕ ಹಾಕಿದ್ರು, ಬಾಯಾರ. ತಿರುಗಿ ಬರೂದ್ರಾಗ ಎಬ್ಬಿಸಿಬಿಟ್ಟಿದ್ರು” ಎಂದ. ಪತ್ರಿಕೆಯ ಚಿತ್ರವನ್ನು ಬಹಳ ಹೊತ್ತು ನೋಡಿದ. “ಹೆಸರು ಬರೂತನಾ ತಡೀತ್ರಿ” ಎಂದ.

ಕುಂಡಗಳಲ್ಲಿ ಗಿಡ ಇದೆ, ಬೀಜವೂ ಇದೆ. ಆದರೂ ಮನಸ್ಸು ತಡೆಯಲಿಲ್ಲ. ಹೆಸರಿಟ್ಟ ವರ್ಷವೇ ಮನೆ ಹೋಯಿತು.

ನೀಲಾಬಾಯಿ

*

ಪುಣೆ
೧೦ ಸೆಪ್ಟೆಂಬರ್ ೧೯೫೪

ಚಿರಂಜೀವಿ ನೀಲಾಬಾಯಿಗೆ ದುವಾ.

ಇಂಗ್ಲೆಂಡಿನ ಒಂದು ಸಂಗ್ರಹಾಲಯದಿಂದ ಪತ್ರ ಬಂದಿದೆ. ನಿನ್ನ ಗಿಡದ ಒಂದು ನಮೂನೆ ಬೇಕಂತೆ. ಕಾಲೇಜಿನ ಪ್ರಿನ್ಸಿಪಾಲರು ಅದನ್ನು ಎಲ್ಲರ ಎದುರಿಗೆ ಓದಿದರು. ನಾನು ಹಿಂದಿನ ಬೆಂಚಿನಲ್ಲಿ ಕುಳಿತಿದ್ದೆ. ಕನ್ನಡಕ ತೆಗೆದು ಒರೆಸಿಕೊಳ್ಳಬೇಕಾಯಿತು.

ಗಣಿಯ ಸುದ್ದಿ ಓದಿ ಊಟ ಸೇರಲಿಲ್ಲ. ಪ್ರಬಂಧದ ಕೊನೆಯಲ್ಲಿ ‘ಈ ಒಂದು ಗಣಿಯ ಹೊರತು ಬೇರೆಲ್ಲೂ ಕಂಡುಬಂದಿಲ್ಲ’ ಎಂದು ಬರೆದವನು ನಾನು. ಬರೆಯುವಾಗ ಹೆಮ್ಮೆಯಿಂದ ಬರೆದೆ. ಈಗ ಆ ವಾಕ್ಯ ಓದಲು ಭಯವಾಗುತ್ತದೆ.

ಪೊಲೀಸ್ ಕಾರ್ಯಾಚರಣೆಯ ಗಲಭೆಯಲ್ಲಿ ಚಿತ್ತಾಪುರ ಬಿಟ್ಟು ಆರು ವರ್ಷವಾಯಿತು. ಆ ಕಡೆಗೆ ಬರಬೇಕೆಂದು ಮನಸ್ಸಾಗಿರಲಿಲ್ಲ. ನಾವು ಹೆಸರಿಟ್ಟ ಗಿಡವನ್ನು ನೆಲದ ಮೇಲೆ ನೋಡಬೇಕೆಂದು ಈ ವರ್ಷ ಮೊದಲ ಸಲ ಆಸೆಯಾಗಿತ್ತು. ಇರಲಿ.

ಸಿರಾಜುದ್ದೀನ

*

ಕುರಕುಂಟಾ
೩ ಅಕ್ಟೋಬರ್ ೧೯೫೪

ಪೂಜ್ಯ ಮಾಸ್ತರರಿಗೆ ನೀಲಾಬಾಯಿಯ ಶರಣು ಶರಣಾರ್ಥಿಗಳು.

ಅವ್ವನ ತವರಿನ ನೆಂಟರು ನಾಗೇಂದ್ರಪ್ಪನವರ ಮನೆಗೆ ಕುರಕುಂಟಾಕ್ಕೆ ಬಂದಿದ್ದೇವೆ. ಇಲ್ಲಿಂದ ಸೇಡಂ ಹತ್ತಿರ. ಇಂದು ಬೆಳಿಗ್ಗೆ ಅವರ ಹೊಲದ ಹಳೆಯ ಬಾವಿಗೆ ನೀರು ಸೇದಲು ಹೆಂಗಸರ ಜೊತೆ ಹೋದೆ. ಅವರ ಅಜ್ಜನ ಕಾಲದ ಬಾವಿ, ಒಂದು ಬದಿಗೆ ಮೆಟ್ಟಿಲು, ಒಳಗೆಲ್ಲ ಫರಸಿ ಕಲ್ಲು ಕಟ್ಟಿದ್ದಾರೆ. ಬಗ್ಗಿ ನೋಡಿದೆ. ಕಟ್ಟೆಯಿಂದ ನೀರಿನವರೆಗೆ, ಕಲ್ಲಿನ ಸಂದಿಸಂದಿಯಲ್ಲೂ ನಮ್ಮ ಗಿಡ. ಬಾವಿಯ ಒಳಗೋಡೆಯೇ ಹೂ ಬಿಟ್ಟಂತೆ ಬಿಳಿಯಾಗಿತ್ತು.

ನಾನು ಹಗ್ಗ ಬಿಟ್ಟುಬಿಟ್ಟೆ. ಕೊಡ ಬಾವಿಗೆ ಬಿತ್ತು. ನಾಗೇಂದ್ರಪ್ಪನವರು ಓಡಿ ಬಂದರು.

“ಏನಾತ್ರಿ ಬಾಯಾರ? ಹಾವೇನರ ಕಂಡ್ರೇನು?”

“ಇಲ್ರಿ ಮಾವಾರ. ಈ ಗಿಡಾ ಇಲ್ಲಿ ಎಷ್ಟು ವರ್ಷದಿಂದ ಅದ?”

“ನಾ ಹುಟ್ಟಿದಾಗಿಂದ ಅದ. ವರ್ಷಾ ಕಿತ್ತು ಹಾಕ್ತೀವಿ, ವರ್ಷಾ ಬರ್ತದ. ಯಾಕ, ಕಿತ್ತಸಲೇನು?”

ಬೇಡವೆಂದು ಎರಡೂ ಕೈಯಿಂದ ತಡೆದೆ. ಮಧ್ಯಾಹ್ನ ಇನ್ನೂ ಮೂರು ಹೊಲಗಳ ಬಾವಿಗಳನ್ನು ನೋಡಿ ಬಂದೆ. ಎರಡರಲ್ಲಿ ಇದೆ, ಒಂದರಲ್ಲಿ ಇಲ್ಲ. ಇಲ್ಲದ್ದು ಮಣ್ಣಿನ ಬಾವಿ. ಈಗ ಸಂಜೆ. ನಾಗೇಂದ್ರಪ್ಪನವರ ಬಾವಿಯ ಕಟ್ಟೆಯ ಮೇಲೆ ಕುಳಿತು ಬರೆಯುತ್ತಿದ್ದೇನೆ. ಹೂವುಗಳು ಬಣ್ಣ ತಿರುಗುತ್ತಿವೆ. ಅವ್ವನಿಗೆ ಒಂದೇ ಸಂತೋಷ, ಈ ಸಲ ಸೇಡಂ ತಾಲೂಕಿನ ಹೆಸರು ಬರುತ್ತದೆಂದು.

ನಾಳೆಯಿಂದ ತಿದ್ದುಪಡಿಯ ಟಿಪ್ಪಣಿ ಬರೆಯಲು ಕೂರುತ್ತೇನೆ. ಇದಕ್ಕೂ ಇಬ್ಬರ ಹೆಸರು ಬೇಕು; ನೋಡದವರ ಹೆಸರನ್ನು ನಾನು ಹಾಕುವುದಿಲ್ಲ. ಹೂವು ಇನ್ನು ಕೆಲವು ವಾರ ಇರುತ್ತದೆ. ನೀವೂ ಚಾಚಿಯವರೂ ಕೂಡಿ ಬರಬೇಕು. ಬಾವಿಯ ಮೆಟ್ಟಿಲು ಅಗಲವಾಗಿವೆ, ಕೈ ಹಿಡಿದು ಇಳಿಸುತ್ತೇವೆ.

ನಮ್ಮ ಪ್ರಬಂಧದ ಒಂದು ವಾಕ್ಯ ಸುಳ್ಳಾಗಿದೆ, ಮಾಸ್ತರರೇ. ಅಚ್ಚಿನಲ್ಲಿ ನಮ್ಮ ಹೆಸರು ನೋಡಿದ ದಿನವೂ ನನಗೆ ಇಷ್ಟು ಸಂತೋಷ ಆಗಿರಲಿಲ್ಲ.

ನಿಮ್ಮ
ನೀಲಾಬಾಯಿ